ಗಾಜಿನಳತೆಯ ಸಮುದ್ರ

ಸೌಂದರ್ಯಕ್ಕೆ ಅಳತೆಯಿಲ್ಲ, ಅದನ್ನು ಯಾವ ಚೌಕಟ್ಟಿನಲ್ಲೂ ಹಿಡಿದಿಡಲಾಗದು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಲಿಂಗಸುಗೂರಿಗೆ ಬಂದವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೌಂದರ್ಯಕ್ಕೆ ಖಚಿತವಾದ ಅಳತೆಯಿತ್ತು. ಚೌಕಟ್ಟು ಕಟ್ಟುವ ಸಾಹೇಬರ ಅಂಗಡಿಯಲ್ಲಿ ಉಳಿದದ್ದು ಒಂದೇ ಒಂದು ಗಾಜು. ಅದರ ಅಗಲ ಎಂಟು ಬೆರಳು.

ಅದರೊಳಗೆ ನಾವು ಸೇರಿಸಬೇಕಾಗಿದ್ದದ್ದು ಅರಬ್ಬೀ ಸಮುದ್ರ, ಅದರಲ್ಲಿ ಮುಳುಗುತ್ತಿದ್ದ ಸೂರ್ಯ, ಎಡಗಡೆ ನನ್ನ ಹೆಂಡತಿ, ಬಲಗಡೆ ನಾನು. ಫೋಟೋದ ಅಗಲ ಹನ್ನೆರಡು ಬೆರಳು.

ಈ ಫೋಟೋ ನಾವು ಚಂದಕ್ಕೆ ತೆಗೆಸಿದ್ದಲ್ಲ. ಅದು ಜಾಮೀನಿನ ಕಾಗದ. ಮದುವೆಯಾದ ಮೊದಲ ವರ್ಷ ನನ್ನ ಹೆಂಡತಿ ಪಂಚಮಿಗೆಂದು ತವರುಮನೆ ಮಸ್ಕಿಗೆ ಹೋದಳು. ಹೋಗುವ ಮುಂಚೆ ಒಂದು ಸಣ್ಣ ಮಾತು ಬಂದಿತ್ತು. ನಾನು ಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಕನ್ನಡದ ಮಕ್ಕಳಿಗೆ ಉರ್ದುವಿನಲ್ಲಿ ಸಮಂದರ್ ಎಂದರೆ ಏನೆಂದು ವಿವರಿಸುವುದು ನನ್ನ ಉದ್ಯೋಗ. ಒಂದು ದಿನ ಮನೆಗೆ ಬಂದ ಇಬ್ಬರು ಮಾಸ್ತರರ ಎದುರಿಗೆ ಅಲೆಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದಾಗ, ಒಳಗಿನಿಂದ ಇವಳು, "ನೀವು ನೋಡೀರೇನ್ರಿ ಸಮುದ್ರ?" ಎಂದು ಕೇಳಿಬಿಟ್ಟಳು. ನೋಡಿರಲಿಲ್ಲ. ನಿಜಾಮ ಸರಕಾರದ ಬಳಿ ಸ್ವಂತ ರೈಲು, ಸ್ವಂತ ನಾಣ್ಯ, ಸ್ವಂತ ಅಂಚೆ ಎಲ್ಲ ಇದ್ದವು. ಸಮುದ್ರ ಮಾತ್ರ ಇರಲಿಲ್ಲ. ಇದು ಸರಕಾರದ ಕೊರತೆಯೇ ಹೊರತು ನನ್ನದಲ್ಲ ಎಂದು ನಾನು ತಿಳಿದುಕೊಂಡು, ಅವಳೊಂದಿಗೆ ಮಾತು ಬಿಟ್ಟೆ.

ಪಂಚಮಿಗೆ ಹೋದ ಮಗಳನ್ನು ಕರೆತರಲು ಗಂಡ ಹೋಗಬೇಕು. ಗಂಡ ಬರಲೆಂದು ತವರಿನವರು ಒಂದು ಮಾತು ಹೇಳಿ ಕಳಿಸಬೇಕು. ನಾನು ಮಾತು ಬರಲಿ ಎಂದು ಕೂತೆ, ಅವರು ನಾನು ಬರಲಿ ಎಂದು ಕೂತರು. ಹೀಗೆ ಎರಡು ಮನೆತನಗಳ ಮರ್ಯಾದೆ ಉಳಿದು, ದಸರೆ ಬಂದು ಹೋಯಿತು. ಅನ್ನ ಸೀದುಹೋದ ಪಾತ್ರೆ ತಿಕ್ಕುತ್ತಾ ಒಂದು ಸಂಜೆ ನನಗೆ ಮರ್ಯಾದೆಯ ಭಾರ ಹೆಚ್ಚಾಯಿತು. ಮರುದಿನ ಸಿಂಧನೂರಿನ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದೆ.

ನಮ್ಮ ಅತ್ತೆ ಅಳಿಯನೊಂದಿಗೆ ನೇರ ಮಾತಾಡುವವರಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಪಡಸಾಲೆಯ ಕಂಬಕ್ಕೆ ಹೇಳುವರು; ಕಂಬದ ಪಕ್ಕ ಕೂತ ಅಳಿಯ ಕೇಳಿಸಿಕೊಳ್ಳಬೇಕು.

"ಕಂಬಾ, ಕರಕೊಂಡು ಹೋಗ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೂರು ತಿಂಗಳು ನನ್ನ ಮಗಳು ನಿದ್ದಿ ಮಾಡಿಲ್ಲ. ಬಾಯಿ ಬಿಟ್ಟು ಏನೂ ಹೇಳವಲ್ಲಳು. ಹೆಂಗದಾರ ಇಬ್ರೂ ಅನ್ನೋದು ನನಗ ಕಣ್ಣೀಲೆ ಕಾಣಬೇಕು. ಕೂಡಿ ನಿಂತು ಒಂದು ಪೋಟೋ ತಗಸಿ, ಕಟ್ಟು ಹಾಕಿಸಿ ತರ್ಲಿ. ಯುಗಾದಿಯೊಳಗ ಬರಲಿಲ್ಲಂದ್ರ ಆಕಿ ಅಣ್ಣ ಬಂಡಿ ಕಟ್ಟಿಕೊಂಡು ಬಂದು ಕರಕೊಂಡು ಬರ್ತಾನ."

ಕಂಬ ಸುಮ್ಮನಿತ್ತು. ಅದರ ಪರವಾಗಿ ನಾನು ತಲೆಯಾಡಿಸಿ, ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದೆ.

ಮುಂಬಯಿಯಲ್ಲಿ ನನ್ನ ಸೋದರಮಾವ ಒಬ್ಬರಿದ್ದರು. ಸಂಕ್ರಾಂತಿ ಕಳೆದ ಮೇಲೆ ಹೆಂಡತಿಯನ್ನು ಕರೆದುಕೊಂಡು ರಾಯಚೂರಿನಲ್ಲಿ ರೈಲು ಹತ್ತಿದೆ. ಫೋಟೋ ರಾಯಚೂರಿನಲ್ಲೂ ತೆಗೆಸಬಹುದಿತ್ತು. ಆದರೆ ನನಗೆ ಸಮುದ್ರವೂ ಬೇಕಾಗಿತ್ತು, ಸಾಕ್ಷಿಯೂ ಬೇಕಾಗಿತ್ತು.

ಸಮುದ್ರ ಪುಸ್ತಕದಲ್ಲಿ ಇದ್ದುದಕ್ಕಿಂತ ಬಹಳ ಗದ್ದಲದ್ದು. ನನ್ನ ಹೆಂಡತಿ ಅದನ್ನು ತುಂಬಾ ಹೊತ್ತು ನೋಡಿ, "ಇಷ್ಟು ನೀರು ಇಟಗೊಂಡು ಒಂದು ಬೆಳಿ ಬೆಳಿಯಂಗಿಲ್ಲಲ್ರಿ" ಎಂದಳು. ದಂಡೆಯ ಮೇಲೆ ಫೋಟೋ ತೆಗೆಯುವವನೊಬ್ಬ ಮೂರು ಕಾಲಿನ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ. ಸೂರ್ಯ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಈ ಕಡೆ ತಿರುಗಿ ನಿಲ್ಲಿ ಎಂದ. ನಾನು ಒಪ್ಪಲಿಲ್ಲ. ಸೂರ್ಯ ಬರಲೇಬೇಕು, ನಟ್ಟನಡುವೆ ಬರಬೇಕು ಎಂದು ಪಟ್ಟು ಹಿಡಿದೆ. "ಹಾಗಾದರೆ ಹತ್ತಿರ ನಿಲ್ಲಿ" ಎಂದು ಅವನು ಕೈ ಬೀಸಿದ. ಸುತ್ತ ಜನ. ನಮ್ಮ ಊರಲ್ಲಿ ನಾನು ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುವವನು. ಪರದೇಶಕ್ಕೆ ಬಂದೆವೆಂದು ನಡತೆ ಬಿಡಲಾದೀತೆ? ನಾನು ಎರಡು ಹೆಜ್ಜೆ ಬಲಕ್ಕೆ ಸರಿದೆ. ಅವಳು ಎರಡು ಹೆಜ್ಜೆ ಎಡಕ್ಕೆ ಸರಿದಳು. ಸೂರ್ಯನಿಗೆ ಧಾರಾಳ ಜಾಗವಾಯಿತು.

ಫೋಟೋ ದೊಡ್ಡದು ಮಾಡಿಸಿಕೊಂಡು ಊರಿಗೆ ಬಂದ ಮೇಲೆ, ಶಾಲೆಯ ಮಾಸ್ತರರಿಗೆಲ್ಲ ತೋರಿಸಿ, ಒಂದು ಮಧ್ಯಾಹ್ನ ಒಬ್ಬನೇ ಅದನ್ನು ಬಿಡಿಸಿ ನೋಡಿದಾಗ ನನಗೆ ವಿಷಯ ಹೊಳೆಯಿತು. ಗಂಡ ಹೆಂಡತಿ ಕೂಡಿ ನಿಂತಿದ್ದಾರೆಂದು ತೋರಿಸಲು ತೆಗೆಸಿದ ಪಟದಲ್ಲಿ ಒಬ್ಬಳು ಈ ಅಂಚಿಗೆ, ಒಬ್ಬ ಆ ಅಂಚಿಗೆ, ನಡುವೆ ಒಂದು ಸಮುದ್ರ. ನಮ್ಮ ನೆರಳುಗಳು ಕೂಡ ಮುನಿಸಿಕೊಂಡವರಂತೆ ಬೇರೆ ಬೇರೆ ದಿಕ್ಕಿಗೆ ಚಾಚಿದ್ದವು. ಇದನ್ನು ನೋಡಿದರೆ ಅತ್ತೆ ಯುಗಾದಿಯವರೆಗೂ ಕಾಯದೆ ಬಂಡಿ ಕಟ್ಟಿಸುತ್ತಿದ್ದರು.

ಹೆಂಡತಿಯೂ ನೋಡಿದಳು. ಫೋಟೋವನ್ನು ಸೀರೆಯ ಮಡಿಕೆಯೊಳಗೆ ಇಟ್ಟುಬಿಟ್ಟಳು. ಅಂದು ರಾತ್ರಿ ನನಗಷ್ಟೇ ಬಡಿಸಿ, ತಾನು ಉಣ್ಣದೆ ಮಲಗಿದಳು.

ಯುಗಾದಿಗೆ ಎಂಟು ದಿನ ಇರುವಾಗ ಇಬ್ಬರೂ ಸಾಹೇಬರ ಅಂಗಡಿಗೆ ಹೋದೆವು. ಹಣ್ಣುಗಡ್ಡದ, ನಿಧಾನದ ಮನುಷ್ಯ. ದೇವರ ಪಟಗಳಿಗೆ ಕಟ್ಟು ಹಾಕಿ ಹಾಕಿ, ಯಾವ ದೇವರಿಗೆ ಎಷ್ಟು ಗಾಜು ಎಂಬುದು ಅವರಿಗೆ ಬಾಯಿಪಾಠ. ಹೈದರಾಬಾದಿನಿಂದ ಗಾಜು ಬರುವುದು ನಿಂತು ವರ್ಷವಾಗಿತ್ತು. ಮುದಗಲ್ಲಿನಲ್ಲೂ ಇರಲಿಲ್ಲ. ಅವರು ಬೆರಳಿನಿಂದ ಫೋಟೋ ಅಳೆದು, ಗಾಜು ಅಳೆದು, ನಿಟ್ಟುಸಿರು ಬಿಟ್ಟರು.

"ಮಾಸ್ತರ್ ಸಾಬ್, ನಾಕು ಬೆರಳು ಹೋಗಬೇಕು ನೋಡ್ರಿ. ನೀವು ಹೋಗ್ತೀರೋ, ಅಮ್ಮಾವ್ರು ಹೋಗ್ತಾರೋ, ಸೂರ್ಯ ಹೋಗ್ತಾನೋ, ನೀವ ಹೇಳ್ರಿ."

"ನನ್ನ ತಗೀರಿ," ಎಂದೆ ನಾನು, ತ್ಯಾಗಮೂರ್ತಿಯ ಧ್ವನಿಯಲ್ಲಿ. "ಅತ್ತೆಗೆ ಮಗಳು ಕಂಡರೆ ಸಾಕು."

ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿ ತಲೆಯ ಸೆರಗು ಸರಿಮಾಡಿಕೊಂಡು, "ಹೌದೌದು, ನಾ ಒಬ್ಬಾಕೀನ ನಿಂತಿದ್ದು ನೋಡಿದ್ರ ನಮ್ಮವ್ವ ಭಾಳ ಖುಷಿ ಆಗ್ತಾಳ. ಬಂಡೀನೂ ಇವತ್ತ ಕಟ್ಟಸ್ತಾಳ" ಎಂದಳು.

"ಹಂಗಾದ್ರ ಅಮ್ಮಾವ್ರನ್ನ..." ಎಂದರು ಸಾಹೇಬರು.

"ಅಲ್ಲಿಗೆ ಇವರ ಫೋಟೋ ಒಯ್ದು ಏನು ಮಾಡ್ಲಿ ಸಾಬ್ರ, ಆರತಿ ಎತ್ತಲೇನು?"

ಸಾಹೇಬರು ನಗಲಿಲ್ಲ, ಕೆಲಸದ ಹೊತ್ತಿನಲ್ಲಿ ಅವರು ನಗುವವರಲ್ಲ. ನಾಲ್ಕು ಬೆರಳಗಲದ ಒಂದು ರಟ್ಟಿನ ಪಟ್ಟಿ ತೆಗೆದರು. ಯಾವುದನ್ನು ಕತ್ತರಿಸಬೇಕೆಂದು ತಿಳಿಯದಾಗ ಅವರು ಮೊದಲು ರಟ್ಟು ಇಟ್ಟು ಮುಚ್ಚಿ ನೋಡುವರು. ಕತ್ತರಿಗೆ ತೌಬಾ, ಅಂದರೆ ತಪ್ಪೊಪ್ಪಿ ಹಿಂದೆ ಸರಿಯುವುದು, ಇಲ್ಲ; ರಟ್ಟಿಗೆ ಇದೆ ಎಂಬುದು ಅವರ ಮಾತು. ಎಡಕ್ಕೆ ಇಟ್ಟರು: ನಾನು ಮತ್ತು ಸೂರ್ಯ ಉಳಿದೆವು, ಇಬ್ಬರು ವಿಧುರರಂತೆ. ಬಲಕ್ಕೆ ಇಟ್ಟರು: ಅವಳು ಮತ್ತು ಸೂರ್ಯ. ನೋಡಲಾಗಲಿಲ್ಲ.

"ನಡುವ ನಿರಿಗಿ ಹಾಕಿ ಮಡಚ್ರಿ," ಎಂದಳು ಹೆಂಡತಿ. "ಸೂರ್ಯ ಹಿಂದ ಹೋಗ್ತಾನ, ಕಳಿಯಂಗಿಲ್ಲ."

"ಇದು ಸೀರಿ ಅಲ್ಲಮ್ಮ. ದಪ್ಪ ಕಾಗದ, ಬಿರಿತೈತಿ."

ಕೊನೆಗೆ ರಟ್ಟನ್ನು ನಟ್ಟನಡುವೆ ಇಟ್ಟರು. ಸೂರ್ಯ ಮುಚ್ಚಿಹೋದ.

ಮೂವರೂ ಬಗ್ಗಿ ನೋಡಿದೆವು. ಮುಖಗಳು ಫೋಟೋದವನು ಹೇಳಿದಂತೆ ಕಪ್ಪಾಗಿದ್ದವು, ಆದರೆ ಆಕಾಶದೆದುರು ಅಂಚು ಸ್ಪಷ್ಟವಾಗಿತ್ತು. ನನ್ನ ಮೂಗು ಎಡಕ್ಕೆ ತಿರುಗಿತ್ತು. ನನ್ನ ಮೂಗು ತಿರುಗಿದರೆ ಯಾರ ಕಣ್ಣಿಗೂ ಬೀಳದೆ ಇರುವಂಥದ್ದಲ್ಲ. ಇಷ್ಟು ದಿನ ಎಲ್ಲರೂ, ಸೂರ್ಯ ಅಲ್ಲಿದ್ದದ್ದರಿಂದ, ಮಾಸ್ತರ ಸೂರ್ಯಾಸ್ತ ನೋಡುತ್ತಿದ್ದಾನೆ ಎಂದುಕೊಂಡಿದ್ದರು. ನಾನೂ ಹಾಗೇ ಹೇಳಿಕೊಂಡು ಓಡಾಡಿದ್ದೆ. ಈಗ ಸೂರ್ಯ ಇಲ್ಲ. ನಾನು ನೋಡುತ್ತಿದ್ದದ್ದು ಅವಳನ್ನು.

ನಿಜ ಹೇಳುತ್ತೇನೆ. ಪೆಟ್ಟಿಗೆಯವನು ತಯಾರ್ ಎಂದ ಕ್ಷಣದಲ್ಲಿ ಒಂದು ಅಲೆ ಬಂದು ಅವಳ ಪಾದ ಮುಟ್ಟಿತ್ತು. ಹೆದರಿದಳೋ ಎಂದು ತಿರುಗಿ ನೋಡಿದೆ. ಹೆದರಿರಲಿಲ್ಲ, ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು.

"ಸೂರ್ಯನ್ನ ನೋಡಾಕತ್ತಿದ್ದೆ ಅಂದ್ರಿ?" ಎಂದಳು, ಮೆಲ್ಲಗೆ.

"ನೋಡ್ತಿದ್ದೆ."

"ಯಾವ ಸೂರ್ಯ?"

ಭೂಗೋಳದಲ್ಲಿ ಸೂರ್ಯ ಒಬ್ಬನೇ ಎನ್ನುತ್ತಾ ನಾನು ರಟ್ಟಿನ ಅಂಚು ಸರಿಮಾಡಿದೆ.

"ಸೂರ್ಯ ಹೋಗ್ಲಿ ಸಾಬ್ರ," ಎಂದಳು ಅವಳು.

ಸಾಹೇಬರು ಕತ್ತರಿ ಹಿಡಿದು ನನ್ನ ಮುಖ ನೋಡಿದರು. "ಇಷ್ಟು ದೂರ ಹೋಗಿ ಸೂರ್ಯನ್ನ ತಂದೀರಿ ಮಾಸ್ತರ್ ಸಾಬ್. ಪಕ್ಕಾ?" ಪಕ್ಕಾ ಎಂದೆ. ಮುಂಬಯಿಯ ಖರ್ಚೆಲ್ಲ ಆ ನಾಲ್ಕು ಬೆರಳಿನಲ್ಲಿತ್ತು, ಆದರೂ ಪಕ್ಕಾ ಎಂದೆ. ಅವರು ಬಿಸ್ಮಿಲ್ಲಾ ಹೇಳಿ ಎರಡು ಗೆರೆ ಕತ್ತರಿಸಿ, ಉಳಿದ ಎರಡು ತುಂಡು ಕೂಡಿಸಿ ಗಾಜಿನ ಕೆಳಗಿಟ್ಟರು. ಸರಿಯಾಗಿ ಕೂತಿತು. ನಾವು ಮೊದಲಿಗಿಂತ ಅರ್ಧ ಹತ್ತಿರ ಬಂದಿದ್ದೆವು.

ಹೆಂಡತಿ ಅಂಗಡಿಯ ನೆಲ ನೋಡುತ್ತಾ, "ಇನ್ನೂ ಒಂದು ಬೆರಳು ತಗೀರಿ" ಎಂದಳು.

"ಗಾಜಿಗೆ ಸರಿ ಆತಲ್ಲಮ್ಮ. ಇನ್ನ ತಗದ್ರ ಅಂಚಿಗೆ ಖಾಲಿ ಉಳಿತೈತಿ, ಕರೇ ಕಾಗದ ಹಚ್ಚಬೇಕಾಗತೈತಿ."

"ಹಚ್ಚರಿ."

ಸಾಹೇಬರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಒಂದರ ಬದಲು ಎರಡು ಬೆರಳು ತೆಗೆದರು; ಕೂಡಿಸಿದಲ್ಲಿ ಸಮುದ್ರದ ಗೆರೆ ಕೊಂಚ ಮೇಲೆ ಕೆಳಗಾಯಿತು.

ಯುಗಾದಿಯ ಹಿಂದಿನ ದಿನ, ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಕೆಮ್ಮುತ್ತಾ ಓಡುವ ಬಸ್ಸಿನಲ್ಲಿ, ಹೆಂಡತಿ ಆ ಕಟ್ಟನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಮಸ್ಕಿಗೆ ತಂದಳು. ಅತ್ತೆ ಅದನ್ನು ಒಳಗೆ ಒಯ್ದು, ಬೆಳಕಿಂಡಿಯ ಕೆಳಗೆ ಹಿಡಿದರು. ನಾನು ಕಂಬದ ಪಕ್ಕ ಕೂತು ಕಿವಿಯಾದೆ.

"ಇದೇನವಾ, ನೀರು ನಡುವ ಮೆಟ್ಟಲಾಗೈತಿ?"

"ಸಮುದ್ರ ಹಂಗ ಇರತೈತವ್ವ."

ಭೂಗೋಳದ ಮಾಸ್ತರನಾಗಿ ನಾನು ಇದನ್ನು ತಿದ್ದಬೇಕಿತ್ತು. ತಿದ್ದಲಿಲ್ಲ.

"ಅವರ್ಯಾಕ ಹೊರಳಿ ನಿಂತಾರ? ಎಲ್ಲಾರೂ ಸೀದಾ ನೋಡ್ತಾರ ಪೋಟೋದಾಗ."

"ನನ್ನ ನೋಡಾಕತ್ತಾರ."

ಒಳಗಿನಿಂದ ಗಾಜಿನ ಮೇಲೆ ಸೆರಗಿನಿಂದ ಒರೆಸುವ ಸಪ್ಪಳ, ಮೂಗು ಏರಿಸಿಕೊಂಡ ಸಪ್ಪಳ ಬಂತು. ಅತ್ತೆ ಬಾಗಿಲಿಗೆ ಬಂದು ನಿಂತರು.

"ಕಂಬಾ, ಹೊತ್ತಾತು. ಕೈಕಾಲು ತೊಳಕೊಂಡು ಊಟಕ್ಕ ಏಳಂತ ಹೇಳು."

ಯುಗಾದಿ ಮುಗಿಸಿಕೊಂಡು ನಾವಿಬ್ಬರೂ ಲಿಂಗಸುಗೂರಿಗೆ ಹಿಂತಿರುಗಿದೆವು.