ಮಾಮನ ಕಾವಲಿನ ಕಪ್ಪೆಚಿಪ್ಪುಗಳು

ಕುರಿ ಕಾಯುವ ಮನೆಯ ಹುಡುಗಿ ಕಾಲೇಜಿನಲ್ಲಿ ಕಪ್ಪೆಚಿಪ್ಪು ಸಾಕುತ್ತಾಳೆಂಬ ಸುದ್ದಿ ನಮ್ಮೂರು ಮಸರಕಲ್ ಮುಟ್ಟಿದಾಗ ನಮ್ಮವ್ವ ಕೇಳಿದ್ದು, "ಅವಕ್ಕ ಉಣ್ಣೆ ಬರ್ತದೇನು?" ಬರುವುದಿಲ್ಲ ಎಂದೆ. "ಮತ್ತ ಯಾಕ ಸಾಕಾಕತ್ತಿ?" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಎಂಬತ್ತರ ದಶಕದ ಮೊದಲ ವರ್ಷಗಳವು. ರಾಯಚೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಸಂಶೋಧನೆಗೂ ಕೈಹಾಕಿದ್ದೆ. ಕಡಲ ದಂಡೆಯಲ್ಲಿ ಕಪ್ಪೆಚಿಪ್ಪು ಸಾಕಿ, ಅವುಗಳ ಮಾಂಸ ಪರೀಕ್ಷಿಸಿ, ನೀರಿಗೆ ಎಷ್ಟು ಸೀಸ, ಎಷ್ಟು ಪಾದರಸ ಬೆರೆತಿದೆಯೆಂದು ತಿಳಿಯುತ್ತಾರೆ. ಅವು ಸದಾ ನೀರು ಒಳಗೆಳೆದು ಸೋಸಿ ಹೊರಬಿಡುತ್ತವೆ. ಲೋಹ ಮೈಯಲ್ಲೇ ಉಳಿಯುತ್ತದೆ. ನಮಗೆ ಕಡಲೆಲ್ಲಿಂದ ಬರಬೇಕು? ಇದ್ದದ್ದು ಕಲ್ಮಲದ ದಾರಿಯ ಒಂದು ಹಳ್ಳ. ಅದರ ದಂಡೆಗೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದು ಬಂದಿತ್ತು. ಅದರ ಕೆಳಗಿನ ಊರಿನವರು ಆ ನೀರನ್ನೇ ಕುಡಿಯುತ್ತಿದ್ದರು. ಮಾಲೀಕ ಮಾತ್ರ, ನೀರು ಎಷ್ಟು ತಿಳಿಯಾಗಿದೆ ನೋಡಿ ಎಂದು ನಗುತ್ತಿದ್ದ. ಅವನ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬೇಸಿಗೆಗೆ ಹಳ್ಳ ಬತ್ತುವ ಮೊದಲೇ ಸಾಕ್ಷಿ ಸಿಗಬೇಕಿತ್ತು, ಇಲ್ಲದಿದ್ದರೆ ಆ ಜನ ಇನ್ನೊಂದು ವರ್ಷ ಅದನ್ನೇ ಕುಡಿಯಬೇಕಿತ್ತು.

ಮಾನ್ವಿ ಹತ್ತಿರದ ಕೆರೆಯಿಂದ ಸಣ್ಣ ಚಿಪ್ಪುಗಳನ್ನು ತಂದು ಕಾಲೇಜಿನ ತೊಟ್ಟಿಯಲ್ಲಿ ಬೆಳೆಸಿದೆ. ಎರಡು ಬಿದಿರಿನ ಬುಟ್ಟಿಗಳಲ್ಲಿ ತುಂಬಿ, ಒಂದನ್ನು ಶೆಡ್ಡಿಗಿಂತ ಮೇಲೆ, ಇನ್ನೊಂದನ್ನು ಕೆಳಗೆ ನೀರಿಗೆ ಇಳಿಬಿಟ್ಟೆ. ಕಾವಲಿಗೆ ಯಾರು? ನನ್ನ ಸೋದರಮಾವ ಆ ವರ್ಷ ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದ. ಕೇಳಿದ್ದೇ ತಡ ಒಪ್ಪಿದ. "ಇವು ಓಡಿ ಹೋಗೂದಿಲ್ಲಲ್ಲ, ಆರಾಮ ಕೆಲಸ ಬಿಡು," ಎಂದ.

ಪರೀಕ್ಷೆಗಳ ಗಡಿಬಿಡಿಯಲ್ಲಿ ಕೆಲವು ವಾರ ಆ ಕಡೆ ಹೋಗಲಾಗಲಿಲ್ಲ. ಕೊನೆಗೆ ಹೋಗಿ ನೋಡಿದರೆ ಕೆಳಗಿನ ಬುಟ್ಟಿ ನಾಪತ್ತೆ. ಮೇಲೆ ಓಡಿದೆ. ಎರಡೂ ಬುಟ್ಟಿಗಳು ಒಂದೇ ಕಡೆ, ಜಾಲಿ ಗಿಡದ ನೆರಳು ಬಿದ್ದ ನೀರಿನಲ್ಲಿ, ತಣ್ಣಗೆ ಕೂತಿದ್ದವು.

"ಯಾರು ತಂದ್ರು ಇದನ್ನ?"

"ನಾನೇ ಬೇ," ಎಂದ ಮಾಮ, ಬಹುಮಾನ ಬರುವುದಿದೆ ಎಂಬ ಮುಖ ಮಾಡಿಕೊಂಡು. "ಅಲ್ಲಿ ನೀರು ಚಲೋ ಇಲ್ಲ. ಪಾಪ, ಬಾಯಿ ಮುಚಗೊಂಡು ಕುಂತಿದ್ವು. ಎರಡು ದಿನ ನೋಡಿದೆ, ಆಮ್ಯಾಲ ಇಲ್ಲಿಗೆ ಹೊಡಕೊಂಡು ಬಂದೆ. ಈಗ ನೋಡು, ಹೆಂಗ ಬಾಯಿ ತಗದಾವ."

ನಿಜ, ತೆರೆದಿದ್ದವು. ನನಗೆ ಮಾತ್ರ ಅಳುವೇ ಬಂತು. ಎಂದೂ ಎದುರು ಮಾತಾಡದವಳು ಅಂದು ಮಾಮನ ಮೇಲೆ ಹರಿಹಾಯ್ದೆ. ಅವು ಅಲ್ಲೇ ಇರಬೇಕಿತ್ತು, ಆ ವಿಷ ಅವುಗಳ ಮೈ ಸೇರಬೇಕಿತ್ತು, ಆಗಲೇ ನಾವು ಕೊಯ್ದು ನೋಡಿ ಜನಕ್ಕೆ ತೋರಿಸಲು ಸಾಧ್ಯ ಎಂದು ಒಂದೇ ಉಸಿರಿಗೆ ಹೇಳಿದೆ.

"ಕಾಯಾಕ ಕೊಟ್ಟಾಗ ಇದನ್ನ ಹೇಳಬೇಕಿತ್ತವ್ವ. ಕೆಟ್ಟ ನೀರಾಗ ನಿಂದ್ರಿಸಿ ಯಾರರ ಕಾಯ್ತಾರೇನು?" ಎಂದ ಮಾಮ. ಆಮೇಲೆ ತಾನೇ ಬುಟ್ಟಿ ಹೆಗಲಿಗೇರಿಸಿ ಕೆಳಗೆ ಹೋಗಿ ನೀರಿಗಿಳಿಸಿದ. ಇಳಿಸುವಾಗ ಕುರಿಗಳನ್ನು ಮಾತಾಡಿಸುವಂತೆ ಏನೋ ಗೊಣಗಿದ. ಅಂದಿನಿಂದ ತನ್ನ ಕುರಿಗಳನ್ನು ಆ ನೀರಿನ ಹತ್ತಿರಕ್ಕೂ ಬಿಡಲಿಲ್ಲ.

ನಮ್ಮ ಪುಣ್ಯಕ್ಕೆ ಆ ಸಲ ಹಳ್ಳ ತಡವಾಗಿ ಬತ್ತಿತು. ಬುಟ್ಟಿ ಎತ್ತುವ ದಿನ ಮಾಮ ಸಂಕೋಚದಿಂದ ಕೇಳಿದ, "ಎಲ್ಲಾನೂ ಕೊಯ್ತಿಯೇನು? ಹಿಂಡಿನ್ಯಾಗ ಒಂದರ ದೇವರಿಗೆ ಬಿಡಬೇಕಲ್ಲ."

ಕೆಳಗಿನ ಬುಟ್ಟಿಯಿಂದ ಒಂದನ್ನು ಆರಿಸಿ ಕೊಟ್ಟೆ. ಮಾಮ ಅದರ ಬೆನ್ನಿಗೆ ದೇವರ ಭಂಡಾರದ ಅರಿಸಿನ ಹಚ್ಚಿ, ಒಳ್ಳೆಯ ನೀರು ತುಂಬಿದ ತಂಬಿಗೆಯಲ್ಲಿಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದ. ಕಂಡಕ್ಟರ್ ಏನದು ಎಂದಾಗ, "ನಮ್ಮ ಹಿಂಡಿನದು ರೀ," ಎಂದನಂತೆ. ಅದನ್ನು ಕೃಷ್ಣೆಗೆ ಬಿಟ್ಟು ಬಂದ.

ಉಳಿದವನ್ನು ಒಣಗಿಸಿ ಪುಡಿ ಮಾಡಿ ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದೆ. ಮಳೆ ಹಿಡಿಯುವ ಹೊತ್ತಿಗೆ ಉತ್ತರ ಬಂತು: ಕೆಳಗಿನ ಬುಟ್ಟಿಯವುಗಳ ಮೈತುಂಬ ಸೀಸ, ಮೇಲಿನವುಗಳಲ್ಲಿ ಹೆಸರಿಗಷ್ಟೇ. ಅದನ್ನು ಅಧಿಕಾರಿಗಳ ಮುಂದಿಟ್ಟಾಗ ಮಾಲೀಕನ ನಗು ನಿಂತಿತು. ಶೆಡ್ಡು ಹಳ್ಳದ ದಂಡೆ ಬಿಟ್ಟಿತು, ಕೆಳಗಿನ ಊರಿಗೆ ಕುಡಿಯುವ ನೀರಿನ ಬೋರು ಬಂತು. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸುದ್ದಿ ಹೇಳಲು ಮಸರಕಲ್‌ಗೆ ಓಡಿದೆ. ಮಾಮ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ಸೀಸ, ಶೆಡ್ಡು, ಬೋರು ಎಲ್ಲ ಕೇಳಿ ತಲೆಯಾಡಿಸಿದ. ಭೇಷ್ ಎನ್ನುತ್ತಾನೆಂದು ಕಾದೆ.

"ನಾ ಹೊಳಿಗೆ ಬಿಟ್ಟು ಬಂದ್ನೆಲ್ಲ, ಅದು ಈಗ ಬಾಯಿ ತಗದಿರ್ತದೇನವ್ವ?" ಎಂದ.

ಅಷ್ಟು ವಿಷ ಮೈಗೆ ಸೇರಿದ ಜೀವ ಉಳಿಯಿತೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.

"ತಗದಿರ್ತದ ಮಾಮಾ," ಎಂದೆ.