ಹಲ್ಲು ನೋಡಿ ಚೈನ್ ಗಾಡಿ ಕೊಳ್ಳುವುದು

ಕುರಿಯ ಬಾಯಿ ಬಿಡಿಸಿ ವಯಸ್ಸು ಹೇಳುವುದನ್ನು ನಾನು ಅಕ್ಷರ ಕಲಿಯುವ ಮುಂಚೆಯೇ ಕಲಿತೆ. ಕುರುಬರ ದೇವರು ಬೀರೇಶ್ವರನ ಒಕ್ಕಲಿನ ಮನೆಯಲ್ಲಿ ಹುಟ್ಟಿದವರಿಗೆ ಅದೇನು ದೊಡ್ಡ ವಿದ್ಯೆಯಲ್ಲ. ಮದುವೆಯಾದ ಮೇಲೆ ಎತ್ತು ಕೊಳ್ಳುವಾಗಲೂ ನನ್ನ ಗಂಡ ನನ್ನನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ದರ ಮಾತಾಡುವುದು ಅವರ ಕೆಲಸ, ದವಡೆ ನೋಡುವುದು ನನ್ನದು. ಆ ಹೆಮ್ಮೆ ತಲೆಗೇರಿದ್ದರಿಂದಲೇ ಒಂದು ದಿನ ಮುಧೋಳದ ಹೊರಗೆ ಒಂದು ಬಯಲಿನಲ್ಲಿ ಕಬ್ಬಿಣದ ಪ್ರಾಣಿಯೊಂದರ ಹಲ್ಲನ್ನೂ ನೋಡಿಬಿಟ್ಟೆ. ಆ ಕತೆಯನ್ನು ಈಗ ಫೋನಿನ ಮೇಲೆ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಬೆರಳು ನನ್ನ ಬಾಯಿಯಷ್ಟು ಬೇಗ ಓಡುವುದಿಲ್ಲ. ಅದು ಓದುವವರ ಪುಣ್ಯ.

ಪ್ರಾಣಿ ಎಂದರೆ ಚೈನ್ ಗಾಡಿ. ಉದ್ದನೆಯ ಕೈ, ಕೈಯ ತುದಿಗೆ ಮಣ್ಣು ಅಗೆಯುವ ಬಕೆಟ್ಟು, ಕೆಳಗೆ ಗಾಲಿಯ ಬದಲು ಕಬ್ಬಿಣದ ಚೈನು. ನಮ್ಮೂರಲ್ಲಿ ಅದನ್ನು ಯಾವುದೋ ಕಂಪನಿಯ ಹೆಸರಿನಿಂದ ಕರೆಯುತ್ತಾರೆ. ನನ್ನ ಕಟ್ಟಿಸಿದ ಹಲ್ಲು ಆ ಹೆಸರಿಗೆ ಒಪ್ಪುವುದಿಲ್ಲ.

ಅದು ಬೇಕಾದದ್ದು ನಮ್ಮ ಕೆಳಗಿನ ಹೊಲಕ್ಕೆ. ಜಮಖಂಡಿಯಿಂದ ಹೊಳೆಯ ಕಡೆಗೆ ಹೋಗುವಾಗ ಸಿಗುವ ಕರಿಮಣ್ಣು ನಮ್ಮದು. ಕಬ್ಬಿಗೆ ನೀರು ಹಾಯಿಸಿದಷ್ಟೂ ಒಳ್ಳೆಯದೆಂದು ನಂಬಿದವರು ನಾವು. ಮನೆಗೆ ಬಂದ ಬೀಗರಿಗೆ ಬೇಡವೆಂದರೂ ಹೋಳಿಗೆ ಬಡಿಸುವ ಹಾಗೆ ವರ್ಷಗಟ್ಟಲೆ ಹಾಯಿಸಿದೆವು. ನೆಲ ಮೊದಲು ಜವುಳಾಯಿತು, ಆಮೇಲೆ ಮೇಲೆ ಬಿಳಿ ಉಪ್ಪು ಕಟ್ಟಿತು. ಕಬ್ಬು ಮೊಣಕಾಲುದ್ದಕ್ಕೇ ಹಳದಿಯಾಗಿ ನಿಂತುಬಿಟ್ಟಿತು. ನನ್ನ ಮಗ ಜಮಖಂಡಿಯ ವಕೀಲರೊಬ್ಬರ ಕಡೆ ಗುಮಾಸ್ತ. ಹೊಲ ನೋಡಿಕೊಳ್ಳುವವಳು ಸೊಸೆ ಕಸ್ತೂರಿ. ಅವಳು ಒಂದು ಸಂಜೆ ಬದುವಿನ ಮೇಲೆ ನಿಂತು ಹೇಳಿದಳು:

"ಅತ್ತಿ, ಈ ಬ್ಯಾಸಗಿಯೊಳಗ ಬಸಿಗಾಲುವಿ ತಗೀಲಿಲ್ಲಂದ್ರ ಈ ಹೊಲದ ಆಸೆ ಬಿಡಬೇಕ್ರಿ. ಮುಂದ ಇಲ್ಲಿ ಜಾಲಿಕಂಟಿ ಅಷ್ಟ ಬೆಳೀತೈತಿ."

ಬಸಿಗಾಲುವೆ ಎಂದರೆ ನೆಲದೊಳಗೆ ನಿಂತ ನೀರು ಬಸಿದು ಹಳ್ಳಕ್ಕೆ ಹೋಗಲು ತೋಡುವ ಆಳದ ಕಾಲುವೆ. ಹಿಂದಿನ ವರ್ಷ ಬಾಡಿಗೆಗೆ ತಂದ ಗಾಲಿಯ ಮಷಿನ್ನು ಹೊಲಕ್ಕೆ ಇಳಿದದ್ದೇ ಹೊಟ್ಟೆಯವರೆಗೆ ಹೂತುಕೊಂಡಿತ್ತು. ಎರಡು ಟ್ರ್ಯಾಕ್ಟರು ಕಟ್ಟಿ ಎಳೆಸಬೇಕಾಯಿತು. ಕೆಸರಿನಲ್ಲಿ ಎಮ್ಮೆಯ ಕಾಲು ಹೂತುಹೋಗುತ್ತದೆ, ಮೈಚಾಚಿ ಹರಿಯುವ ಹಾವು ಹೂತುಹೋಗುವುದಿಲ್ಲ. ಚೈನಿನ ಗುಟ್ಟೂ ಅಷ್ಟೇ. ಬಾಡಿಗೆಯ ಚೈನ್ ಗಾಡಿಗಳು ಮಳೆ ಹಿಡಿಯುವವರೆಗೂ ಬೇರೆಯವರ ಪಾಲಾಗಿದ್ದವು. ಹಳೆಯದೊಂದನ್ನು ಕೊಂಡೇಬಿಡೋಣ, ನಮ್ಮದಾದ ಮೇಲೆ ಅಕ್ಕಪಕ್ಕದ ಹೊಲಗಳಿಗೂ ಬಾಡಿಗೆಗೆ ಕೊಡೋಣ ಎಂಬುದು ಕಸ್ತೂರಿಯ ಲೆಕ್ಕಾಚಾರ.

ಹೀಗೆ ನಾವು ಮೂವರು ಹೊರಟೆವು: ಕಸ್ತೂರಿ, ಗಾಡಿ ನಡೆಸಲಿದ್ದ ಡ್ರೈವರ್ ಮೈಬೂಬ, ಮತ್ತು ಹಲ್ಲಿನ ಪರೀಕ್ಷೆಗೆ ನಾನು.

ಮುಧೋಳದ ಗಾಡಿ ಮದುಮಗಳಂತೆ ಹಳದಿ ಬಳಿದುಕೊಂಡು ನಿಂತಿತ್ತು. ಬಕೆಟ್ಟಿನ ತುದಿಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದೆ. ಚೂಪಾಗಿ, ಸಾಲಾಗಿ, ಒಂದೂ ಮೊಂಡಾಗದೆ ಇದ್ದವು. "ಎಳೀದೈತಿ, ತಗೋ," ಎಂದು ತೀರ್ಪು ಕೊಟ್ಟೆ. ಮೈಬೂಬ ಆಚೆ ತಿರುಗಿ ಕೆಮ್ಮಿದ.

"ಯಾಕೋ, ನಗು ಬಂತೇನು?"

"ನಗೂದಿಲ್ರಿ ಅವ್ವಾರ. ಆದ್ರ ಆ ಹಲ್ಲ ಮೊನ್ನಿ ಹಾಕ್ಸ್ಯಾರ. ರೊಕ್ಕ ಕೊಟ್ರ ಮುದುಕಿಗೂ ಹೊಸಾ ಹಲ್ಲ ಬರ್ತಾವು."

ಕಸ್ತೂರಿ ನನ್ನ ಬಾಯಿಯ ಕಡೆ ನೋಡಿದಳು. "ಅದು ಖರೆ ಐತಿ ಬಿಡ್ರಿ, ಅತ್ತಿ."

ಮಾನ ಹೋದ ಮೇಲೆ ಮನುಷ್ಯ ಏನಾದರೂ ಒಂದನ್ನು ಹಿಡಿದುಕೊಳ್ಳಬೇಕು. ನಾನು ಎಂಜಿನ್ನಿನ ಮುಚ್ಚಳ ಹಿಡಿದುಕೊಂಡೆ. ಅದು ಬೆಚ್ಚಗಿತ್ತು. ಸಂತೆಗೆ ಎಮ್ಮೆ ಹೊಡೆದುಕೊಂಡು ಬರುವವರು ಆ ಬೆಳಿಗ್ಗೆ ಹಾಲು ಕರೆಯದೆ ಬಿಟ್ಟಿರುತ್ತಾರೆ, ಕೆಚ್ಚಲು ತುಂಬಿ ಕಾಣಲಿ ಎಂದು. ನಾವು ಬರುವ ಮುಂಚೆಯೇ ಗಾಡಿಯನ್ನು ಚಾಲೂ ಮಾಡಿ ಬೆಚ್ಚಗೆ ಇಟ್ಟಿದ್ದು ನನಗೇಕೋ ಅದೇ ಜಾತಿಯದೆನಿಸಿತು. "ಆರಲಿ, ಆಮ್ಯಾಲ ನೋಡೂಣು," ಎಂದು ಬೇವಿನ ನೆರಳಲ್ಲಿ ಕುಳಿತು ರೊಟ್ಟಿಗಂಟು ಬಿಚ್ಚಿದೆವು. ಮಾರುವವನ ಮುಖ ಗಾಡಿಗಿಂತ ಮೊದಲೇ ಆರಿತು. ಆರಿದ ಮೇಲೆ ಕೀಲಿ ತಿರುವಿದರೆ ಅದು ಕೆಮ್ಮಿತು, ಕರಿಹೊಗೆ ಉಗುಳಿತು, ಸುಮ್ಮನಾಯಿತು.

"ಸಣ್ಣ ತಕರಾರ ಐತ್ರಿ ಅಮ್ಮಾ," ಎಂದ ಅವನು.

"ನಮ್ಮ ಮಾವನೂ ಹಂಗ ಅಂತಿದ್ರಪಾ, ಸಣ್ಣ ತಕರಾರಂತ. ಮುಂದಿನ ಅಮಾಸಿಗಿ ಇರಲಿಲ್ಲ," ಎಂದು ಹೇಳಿ ಎದ್ದೆವು.

ಎರಡನೆಯದು ಬೀಳಗಿಯ ಕಡೆ ಇತ್ತು. ಈ ಸಲ ಹೇಳದೆ ಕೇಳದೆ ಹೋದೆವು. ಹೋದಾಗ ಅದು ಕೆರೆಯಂಗಳದಲ್ಲಿ ಹೂಳು ತೆಗೆಯುತ್ತಿತ್ತು. ಬಣ್ಣ ಹೋಗಿ, ಮೈಯೆಲ್ಲ ತರಚಿ, ಬಕೆಟ್ಟಿನ ಹಲ್ಲು ನನ್ನ ಅಸಲಿ ಹಲ್ಲಿನಂತೆ ಮೋಟಾಗಿದ್ದವು. ಆದರೆ ಅದು ಕೈ ಚಾಚಿ ನೆಲಕ್ಕೆ ಬಕೆಟ್ಟು ಇಳಿಸಿದ್ದನ್ನು ನೋಡಿ ನಾನು ಸೆರಗು ಸರಿ ಮಾಡಿಕೊಂಡು ನಿಂತೆ, ಗುಡಿಯ ಮುಂದೆ ನಿಲ್ಲುವ ಹಾಗೆ.

ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಹೊಳೆಗೆ ಬ್ಯಾರೇಜು ಕಟ್ಟಿದಾಗ ನಾನೂ ಬುಟ್ಟಿ ಹೊತ್ತವಳು. ಸಿಂಬಿಯ ಮೇಲೆ ಬುಟ್ಟಿ ಇಟ್ಟು ಏರಿ ಇಳಿದು, ಸಂಜೆ ಕತ್ತು ತಿರುಗದಾದಾಗ ಎಷ್ಟು ಮಣ್ಣು ಹಾಕಿದೆನೆಂದು ಹಿಂದಿರುಗಿ ನೋಡಿದರೆ ಇರುವೆಯ ಗೂಡಿನಷ್ಟು ಕಾಣುತ್ತಿತ್ತು. ಈ ಗಾಡಿ ಒಂದು ಬೊಗಸೆಯಲ್ಲಿ ನನ್ನ ಇಡೀ ದಿನದ ಮಣ್ಣನ್ನು ಎತ್ತಿ, ಗಿರ್ರನೆ ಸೊಂಟ ತಿರುಗಿಸಿ, ಆಯಾಸವಿಲ್ಲದೆ ಆಚೆ ಸುರಿಯಿತು. ವರಾಹ ಭೂಮಿಯನ್ನು ಎತ್ತಿ ತಂದ ಕತೆಯನ್ನು ಚಿಕ್ಕವಳಿದ್ದಾಗ ಕೇಳಿ, ಅದು ಹೇಗೆ ಸಾಧ್ಯವೆಂದು ಅಪ್ಪನನ್ನು ಪೀಡಿಸಿದ್ದೆ. ಅಪ್ಪ ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.

ಮೈಬೂಬ ಚೈನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿದ. "ಸವದೈತ್ರಿ. ಆದ್ರ ಎರಡೂ ಕಡೆ ಒಂದ ಸಮ ಸವದೈತಿ." ಎತ್ತಿನ ಗೊರಸೂ ಹಾಗೆಯೇ; ಸಮ ಸವೆದಿದ್ದರೆ ಅದು ಕುಂಟುವುದಿಲ್ಲ. ಆಮೇಲೆ ಅವನು ತುಂಬಿದ ಬಕೆಟ್ಟನ್ನು ಮೇಲೆತ್ತಿಸಿ ಎಂಜಿನ್ ಬಂದ್ ಮಾಡಿಸಿದ. ಒಳಗಿನ ಎಣ್ಣೆ ಸೋರುತ್ತಿದ್ದರೆ ಕೈ ತಾನಾಗಿಯೇ ಕೆಳಗಿಳಿಯುತ್ತದಂತೆ. ನಾವು ಚಹಾ ಕುಡಿದೆವು, ಎಲೆ ಅಡಿಕೆ ಹಾಕಿಕೊಂಡೆವು. ಆ ಕೈ ಅಷ್ಟು ಮಣ್ಣು ಹಿಡಿದು ಆಕಾಶದಲ್ಲಿ ನಿಂತೇ ಇತ್ತು. ನಾಗಂದಿಗೆಯ ಮೇಲಿನ ಹಿಟ್ಟಿನ ಡಬ್ಬಿ ಇಳಿಸುವಷ್ಟರಲ್ಲಿ ನನ್ನ ಕೈ ಸೋತುಹೋಗುತ್ತದೆ.

ಆ ಗಾಡಿಯ ಯಜಮಾನರು ಹಿಂದೆ ದನದ ವ್ಯಾಪಾರ ಮಾಡಿದ್ದ ಹಿರಿಯರು. ದರ ಮಾತಾಡಲು ಗಂಡ ಈಗಿಲ್ಲ; ನಾನೇ ದನದ ಸಂತೆಯ ರೀತಿಯಲ್ಲಿ ಸೆರಗು ಮುಂದೆ ಹಿಡಿದು, ಯಾರಿಗೂ ಕಾಣದಂತೆ ಅದರ ಮರೆಯಲ್ಲಿ ಬೆರಳು ಹಿಡಿದು ದರ ಹೇಳಿ ಎಂದೆ. ಅವರು ಹಿಂದೆ ಸರಿದರು.

"ಹೆಣ್ಣಮಕ್ಕಳ ಬೆರಳ ಹಿಡದ ವ್ಯಾಪಾರ ಮಾಡಿಲ್ಲವಾ ನಾ."

"ಹಿಡೀರಿ. ಒಬ್ಬ ಗಂಡಸು ಜೀವಮಾನ ಹಿಡದು ಬಿಟ್ಟ ಕೈ ಐತಿ, ಏನೂ ಆಗೂದಿಲ್ಲ."

ಅವರು ನಕ್ಕರು, ನಗುವವರು ದರ ಇಳಿಸುತ್ತಾರೆ. ಗಾಡಿ ನಮ್ಮೂರಿಗೆ ಬಂದಿತು. ಅದರ ಕೈಗೆ ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿ ಕೆಳಗಿನ ಹೊಲಕ್ಕೆ ಇಳಿಸಿದೆವು. ಕಸ್ತೂರಿ ಉಸಿರು ಹಿಡಿದು ನಿಂತಿದ್ದಳು. ಗಾಡಿ ಹೂತುಕೊಳ್ಳಲಿಲ್ಲ. ಮೈಬೂಬ ಅಗೆಯುತ್ತ ಹೋದ ಹಾಗೆ ನಾನು ಬದುವಿನ ಮೇಲೆ ಕೂತು ಆ ತೋಡಿನೊಳಗೆ ನೋಡಿದೆ. ಇಷ್ಟು ವರ್ಷ ನಡೆದಾಡಿದ ನೆಲದ ಒಳಗು ಹೀಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ: ಮೇಲೆ ಕರಿಮಣ್ಣು, ಅದರ ಕೆಳಗೆ ಸುಣ್ಣದ ಹರಳು, ಇನ್ನೂ ಕೆಳಗೆ ಬೆಣ್ಣೆಯಂಥ ಹಳದಿ ಜೇಡಿ. ಗೋಡೆಗಳು ಮೆಲ್ಲಗೆ ಬೆವರತೊಡಗಿದವು. ಆದರೆ ಸಂಜೆಯವರೆಗೂ ನೀರು ಹರಿಯಲಿಲ್ಲ. ಆ ಸಂಜೆ ಕಸ್ತೂರಿಗೆ ರೊಟ್ಟಿ ಸೇರಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಕಾಲುವೆಯ ತಳದಲ್ಲಿ ನೀರು ಸಣ್ಣದಾಗಿ, ಯಾರೂ ನೂಕದೆ, ಹಳ್ಳದ ಕಡೆಗೆ ಹೊರಟಿತ್ತು. ಗಂಗೆ ಭೂಮಿಗೆ ಬಂದ ಕತೆಯನ್ನು ಎಷ್ಟು ಸಲ ಕೇಳಿದ್ದೇವೆ. ಬಂದ ಗಂಗೆಗೆ ಹೋಗುವ ದಾರಿ ಮಾಡಿಕೊಟ್ಟವರ ಕತೆಯನ್ನು ನಮಗೆ ಯಾರೂ ಹೇಳಲಿಲ್ಲ. ಕಸ್ತೂರಿ ಕೆಳಗಿಳಿದು, ಬೊಗಸೆಯಲ್ಲಿ ಎತ್ತಿ, ನಾಲಿಗೆಗೆ ಹಚ್ಚಿ ನೋಡಿದಳು. ಅವಳ ಕಣ್ಣು ತುಂಬಿತ್ತು.

"ಉಪ್ಪ ಹೊಂಟೈತ್ರಿ ಅತ್ತಿ. ಹೊಲ ಉಳೀತು."

"ಹೊಂಟೇ ಹೊಂಡತೈತಿ. ಇಷ್ಟ ವರ್ಷ ಕುಡಿಸಿದ್ದೇ ಕುಡಿಸಿದ್ದು, ಪಾಪ, ಒಂದಿನಾರ ಅದನ್ನ ಒಂದಕ್ಕ ಹೋಗಾಕ ಬಿಟ್ಟಿದ್ವೇನು?"

ಕಸ್ತೂರಿ ಥೂ ಥೂ ಎಂದು ಉಗುಳಿದಳು, ಸೆರಗಿನಿಂದ ನಾಲಿಗೆ ಒರೆಸಿಕೊಂಡಳು, ಆಮೇಲೆ ಕಾಲುವೆಯಲ್ಲೇ ಕೂತು ನಗತೊಡಗಿದಳು. ನೀರು ಅವಳ ಪಾದಗಳನ್ನು ಬಳಸಿಕೊಂಡು ತನ್ನ ಪಾಡಿಗೆ ಮುಂದೆ ಹೋಯಿತು.