ಗಪ್ಪಿ ಮೀನು ಮರಿ ಹಾಕಿದ ದಿನ

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಿಲ್ಲ. ಯಾಕಿಲ್ಲ ಎಂಬುದು ಲಗ್ಗೆರೆಯ ನಮ್ಮ ಬೀದಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಡಾಕ್ಟರಿಗೆ ಮಾತ್ರ. ಇಬ್ಬರ ರಿಪೋರ್ಟೂ ನಾರ್ಮಲ್. ಜೀವನದಲ್ಲಿ ಮೊದಲ ಸಲ ಒಂದೇ ಏಟಿಗೆ ಪಾಸಾದೆ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಕುಣಿದರೆ, ಹೆಂಡತಿ ನಗಲಿಲ್ಲ.

ತಮ್ಮ ರಾಗಿ ಹೊಲದಲ್ಲೇ ಬಾಡಿಗೆ ಮನೆಗಳನ್ನು ಕಟ್ಟಿಸಿದ ಓನರ್ ಆಂಟಿ ಒಂದು ದಿನ ಮಹಡಿಯ ನಮ್ಮ ಮನೆಗೆ ಬಂದು ಹೆಂಡತಿಗೆ ತೀರ್ಪು ಕೊಟ್ಟರು: “ಇನ್ನೇನೂ ಇಲ್ಲ ಕಣವ್ವ, ಎಲ್ಲಾ ಟೆನ್ಸನ್ನು. ಮಗೂ ಮಗೂ ಅಂತ ಯೋಚ್ನೆ ಮಾಡೋದು ಬುಟ್ಬುಡು, ತಾನೇ ಆಯ್ತದೆ.”

ಪೀಣ್ಯದ ಫ್ಯಾಕ್ಟರಿಯಲ್ಲಿ ಮೆಷಿನ್ ನಡೆಸುವ ನಾನು, ಹೆಂಡತಿಯ ಮನಸ್ಸನ್ನೂ ರಿಪೇರಿ ಮಾಡಲು ಹೊರಟೆ. ಟಿವಿಯಲ್ಲಿ ಡೈಪರ್ ಜಾಹೀರಾತು ಬಂದರೆ ರಿಮೋಟಿನ ಮೇಲೆ ಹಾರಿ ಬೀಳುತ್ತಿದ್ದೆ. ಒಮ್ಮೆ ಹಾಗೆ ಹಾರಿ, ಟೀಪಾಯಿಗೆ ಮಂಡಿ ಹೊಡೆದುಕೊಂಡು ಚಾನೆಲ್ ಬದಲಿಸಿದರೆ ಅಲ್ಲಿ ನಾಮಕರಣ ನಡೆಯುತ್ತಿತ್ತು. ಹಾಲ್‌ನ ಚಾವಣಿಯಲ್ಲಿ, ತೊಟ್ಟಿಲು ಕಟ್ಟಲೆಂದೇ ಆಂಟಿ ಹಾಕಿಸಿದ ಕೊಕ್ಕೆಯಿತ್ತು. ಅದು ಅವಳ ಕಣ್ಣಿಗೆ ಬೀಳದಿರಲಿ ಎಂದು ಪ್ಲಾಸ್ಟಿಕ್ ಬಳ್ಳಿಯ ಕುಂಡ ನೇತುಹಾಕಿದೆ. ಓಡಾಡುವಾಗ ಅದು ನನ್ನ ಹಣೆಗೇ ಬಡಿಯುತ್ತಿತ್ತು.

ಮೀನು ನೋಡುತ್ತ ಕೂತರೆ ಮನಸ್ಸು ತಣ್ಣಗಾಗುತ್ತದೆ ಎಂದು ಫ್ಯಾಕ್ಟರಿಯ ಗೆಳೆಯ ಹೇಳಿದ. ಅಕ್ವೇರಿಯಂ ಅಂಗಡಿಗೆ ಹೋದೆ.

“ಯಾವ್ದು ಬೇಕಣ್ಣ?”

“ಟೆನ್ಶನ್ ಕೊಡದೇ ಇರೋದು.”

“ಹಂಗಾದ್ರೆ ಗಪ್ಪಿ ತಗೊಳ್ಳಿ. ಆರಾಮಾಗಿರ್ತವೆ.”

ಕುಂಡದ ಕೆಳಗೆ ಮೀನಿನ ತೊಟ್ಟಿ ಇಟ್ಟೆ. ಅವು ಎಷ್ಟು ಆರಾಮಾಗಿದ್ದವೆಂದರೆ, ವಾರದೊಳಗೆ ಮರಿ ಹಾಕಿದವು.

ಮೊಟ್ಟೆಯನ್ನಾದರೂ ಇಟ್ಟಿದ್ದರೆ ನನಗೆ ಸ್ವಲ್ಪ ಪುರುಸೊತ್ತು ಸಿಗುತ್ತಿತ್ತು. ಈ ಜಾತಿ ನೇರವಾಗಿ ಮರಿಯನ್ನೇ ಹಾಕುತ್ತದಂತೆ. ಬೆಳಿಗ್ಗೆ ನೋಡಿದರೆ ನೀರಿನ ತುಂಬ ಪುಟ್ಟ ಪುಟ್ಟ ಕಣ್ಣು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಟೀ ಸೋಸುವ ಜಾಲರಿಯಲ್ಲಿ ಮರಿಗಳನ್ನು ಹಿಡಿದು ಹಿಡಿದು, ನೀರು ಹಾಕಿದ ನನ್ನ ಊಟದ ಡಬ್ಬಿಗೆ ತುಂಬಿಸಿದೆ. ಫ್ಯಾಕ್ಟರಿಗೆ ಒಯ್ದು ಯಾರಿಗಾದರೂ ಕೊಟ್ಟುಬಿಡುವುದು ನನ್ನ ಮಹಾ ಯೋಜನೆ. ಆದರೆ ಆ ಡಬ್ಬಿಗೆ ದಿನಾ ತಿಂಡಿ ಹಾಕುವವಳು ಅವಳೇ ಎಂಬುದನ್ನು ಮರೆತಿದ್ದೆ.

ಮುಚ್ಚಳ ತೆಗೆದವಳ ಕೈಯಲ್ಲಿ ಚಿತ್ರಾನ್ನದ ಸೌಟು ಹಾಗೇ ನಿಂತಿತು.

“ಏನ್ರೀ ಇದು?”

“ಮರಿ ಕಣೇ. ನೋಡಿದ್ರೆ ನಿಂಗೆ ಟೆನ್ಶನ್ ಆಗುತ್ತೆ ಅಂತ…”

“ಆ ಕುಂಡನೂ ಅದಕ್ಕೇನಾ?”

“ಹೂಂ.”

ಅವಳು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. “ನಾನೂ ಅದನ್ನೇ ಮಾಡ್ತಿದ್ದೀನಿ ಕಣ್ರೀ. ಆಸೆ ಬಂದ ತಕ್ಷಣ ಬೇಡ ಬೇಡ ಅಂತ ಅದುಮ್ಕೋತೀನಿ. ಆದ್ರೂ ಬರುತ್ತೆ. ಇಷ್ಟು ಆಸೆ ಪಡ್ತೀನಲ್ಲ, ಅದಕ್ಕೇ ಆಗ್ತಿಲ್ವೇನೋ. ನನ್ನ ಮನಸ್ಸೇ ಅಡ್ಡ ನಿಂತಿದ್ಯೇನೋ.”

ನಾನೂ ಅವಳ ಪಕ್ಕದಲ್ಲಿ ಕೂತೆ. ಮರಿಗಳನ್ನು ಅವಳೇ ಬಕೆಟ್ಟಿಗೆ ಬಿಟ್ಟಳು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಮೇಡಂಗೆ ಡಬ್ಬಿಯ ಮೀನಿನ ಕಥೆಯನ್ನೂ ಹೇಳಿ, ಆಸೆಯೇ ಅಡ್ಡ ನಿಲ್ಲುತ್ತದಾ ಎಂದು ಕೇಳಿದೆವು. ಅವರು ಪೆನ್ನು ಕೆಳಗಿಟ್ಟರು.

“ಟೆನ್ಶನ್ ತುಂಬಾ ಜಾಸ್ತಿಯಾದ್ರೆ ಕೆಲವರಿಗೆ ಪೀರಿಯಡ್ಸ್ ಏರುಪೇರಾಗುತ್ತೆ. ಗಂಡ ಹೆಂಡ್ತಿ ಹತ್ರ ಬರೋದೂ ಕಮ್ಮಿಯಾಗುತ್ತೆ. ನಿಮ್ಮ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ಅಂತ ನಾನು ಅಳೆದು ಹೇಳೋಕಾಗಲ್ಲ. ಆದ್ರೆ ಆಸೆ ಪಟ್ಟಿದ್ದಕ್ಕೇ ಮಗು ಆಗ್ಲಿಲ್ಲ ಅನ್ನೋದನ್ನ ತಲೆಯಿಂದ ತೆಗೆದುಹಾಕಮ್ಮ. ಅದು ನಿನ್ನ ತಪ್ಪಲ್ಲ. ಮನಸ್ಸು ಭಾರ ಅನ್ನಿಸಿದ್ರೆ ಕೌನ್ಸೆಲರ್ ಇದ್ದಾರೆ, ಮಾತಾಡು.” ಆಮೇಲೆ ನನ್ನ ಕಡೆ ತಿರುಗಿ, “ಡಬ್ಬಿಯಲ್ಲಿ ಮೀನು ತುಂಬಿಸೋರು ನೀವಲ್ವಾ? ನೀವೂ ಹೋಗಿ,” ಎಂದರು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದವಳೇ, “ಆ ಕುಂಡ ತೆಗೀರಿ” ಎಂದಳು.

ನಾನು ಸ್ಟೂಲಿನ ಮೇಲೆ ನಿಂತು ಅದನ್ನು ಬಿಚ್ಚುತ್ತಿದ್ದಾಗ ಓನರ್ ಆಂಟಿ ಬಂದರು. “ಏನವ್ವಾ, ಇನ್ನೂ ಟೆನ್ಸನ್ ಬುಟ್ಟಿಲ್ವಾ?”

“ಇಲ್ಲ ಆಂಟಿ. ಬಿಡೋಕಾಗಲ್ಲ. ನಂಗೆ ಮಗು ಬೇಕು.”

ಅವಳು ಅದನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಂಟಿ ಮೀನುಗಳನ್ನೊಮ್ಮೆ ನೋಡಿ ಕೆಳಗಿಳಿದು ಹೋದರು.

ಹೆಂಡತಿ ಕೊಕ್ಕೆಯನ್ನು ನೋಡಿದಳು, ಅದರ ಕೆಳಗಿನ ತೊಟ್ಟಿಯನ್ನು ನೋಡಿದಳು. “ತೊಟ್ಟಿಲು ಕಟ್ಟಿದ್ರೆ ಇದು ಅಡ್ಡ ಬರುತ್ತೆ ಅಲ್ವಾ?”

“ಬರುತ್ತೆ.”

ಇಬ್ಬರೂ ಸೇರಿ ತೊಟ್ಟಿಯನ್ನು ಗೋಡೆ ಕಡೆಗೆ ಸರಿಸಿದೆವು. ನೀರು ತುಳುಕಿ ನನ್ನ ಪ್ಯಾಂಟೆಲ್ಲ ಒದ್ದೆಯಾಯಿತು. ಅವಳು ನಕ್ಕಳು. ಕೊಕ್ಕೆಯ ಕೆಳಗಿನ ಜಾಗ ಈಗಲೂ ಖಾಲಿಯಿದೆ. ಅಲ್ಲಿ ನಾವು ಇನ್ನೇನನ್ನೂ ಇಟ್ಟಿಲ್ಲ.